ಬಣ್ಣ ಹೊಡೆದರೆ ಮಾರೋಕೇ ಇರಬೇಕಾ?

ನಮ್ಮ ಮಂಡ್ಯ ಸೀಮೆಯಲ್ಲಿ ಹಳೇ ಟ್ರ್ಯಾಕ್ಟರಿಗೆ ಹೊಸ ಬಣ್ಣ ಬಿತ್ತು ಅಂದರೆ ಅದಕ್ಕೆ ಒಂದೇ ಅರ್ಥ. ಗಿರಾಕಿ ಬರುತ್ತಿದ್ದಾನೆ. ನಾನು ಬಾನೆಟ್ ಬಿಚ್ಚಿ ಗೋಡೆಗೆ ಒರಗಿಸಿದ್ದು ಕಂಡ ಕೂಡಲೇ ದಾರಿಯಲ್ಲಿ ಹೋಗುವವರೆಲ್ಲ ಕೇಳಿದ್ದು ಅದನ್ನೇ. "ಎಷ್ಟಕ್ಕೆ ಕೊಟ್ಯಣ್ಣ?" "ಯಾವೂರ್ಗೆ ಹೋಯ್ತದೆ ಗಾಡಿ?" ಮಾರಲ್ಲ, ಇಟ್ಟುಕೊಳ್ಳೋಕೇ ಬಣ್ಣ ಹೊಡೀತಿದ್ದೀನಿ ಅಂದರೆ ಯಾರೂ ನಂಬಲಿಲ್ಲ. ಒಬ್ಬ ಹಿರಿಯರು ಸೈಕಲ್ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು. "ಆಯ್ತು ಬುಡು, ಹೇಳಕ್ ಇಷ್ಟ ಇಲ್ದಿದ್ರೆ ಬ್ಯಾಡ" ಅಂದು ಪೆಡಲ್ ತುಳಿದರು.

ಅವರನ್ನು ದೂರುವ ಹಾಗಿಲ್ಲ. ಹಳೇ ಗಾಡಿ ವ್ಯಾಪಾರದಲ್ಲಿ ಬಣ್ಣದ ಕೆಲಸವೇ ಮುಚ್ಚುವುದು. ಆದ್ದರಿಂದಲೇ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ನೋಡೋಕೆ ಹೋದಾಗ ತಿಳಿದವರು ಬಾನೆಟ್ ಕಡೆ ಕಣ್ಣು ಹಾಯಿಸುವುದೇ ಇಲ್ಲ. ಕುಕ್ಕರಗಾಲಲ್ಲಿ ಕೂತು ಕೆಳಗೆ ನೋಡುತ್ತಾರೆ. ಹೈಡ್ರಾಲಿಕ್ ಪೈಪಿನ ರಬ್ಬರ್ ಮೇಲೆ ಬಣ್ಣದ ತುಂತುರು ಬಿದ್ದಿದೆಯಾ? ಗ್ರೀಸ್ ನಿಪ್ಪಲ್‌ಗಳ ಬಾಯಿ ಬಣ್ಣದಲ್ಲಿ ಮುಚ್ಚಿದೆಯಾ? ಮುಚ್ಚಿದ್ದರೆ ಬಣ್ಣ ಬಿದ್ದಮೇಲೆ ಅಲ್ಲಿಗೆ ಗ್ರೀಸ್ ಗನ್ ಹೋಗಿಲ್ಲ. ಇಂಜಿನ್ ಪೂರ್ತಿ ಹಳೇ ಬೂದು, ಒಂದೇ ಕಡೆ ಅಂಗೈಯಗಲ ಹೊಸ ಬೂದು ಅಂದರೆ ಅಲ್ಲಿ ಏನೋ ಸೋರುತ್ತಿತ್ತು, ಇಲ್ಲಾ ಬಿರುಕು ಬಿಟ್ಟು ವೆಲ್ಡಿಂಗ್ ಆಗಿದೆ. ಮಡ್‌ಗಾರ್ಡಿನ ಒಳ ಅಂಚನ್ನು ಉಗುರಲ್ಲಿ ಕೆರೆದಾಗ ಬಣ್ಣ ಸಿಪ್ಪೆಯಾಗಿ ಎದ್ದು ಬಂದರೆ, ಕೆಳಗೆ ಮಣ್ಣು ಕಂಡರೆ, ತೊಳೆಯದೆಯೇ ಹೊಡೆದಿದ್ದಾರೆ ಅಂತ ಗೊತ್ತಾಗುತ್ತದೆ.

ಇಟ್ಟುಕೊಳ್ಳುವವನ ಬಣ್ಣ ಇದಕ್ಕೆ ಉಲ್ಟಾ ಇರಬೇಕು ಅಂತ ನನ್ನ ಲೆಕ್ಕ. ಮುಚ್ಚುವುದಲ್ಲ, ಮುಂದೆ ಏನು ಕೆಟ್ಟರೂ ಮೊದಲ ದಿನವೇ ಕಣ್ಣಿಗೆ ಬೀಳುವ ಹಾಗೆ ಹೊಡೆಯಬೇಕು. ಜೊತೆಗೆ ತಗಡು ಉಳಿಯಬೇಕು. ಹೊಳಪು ಬಂದರೆ ಬರಲಿ, ಬೇಡ ಅನ್ನುವುದಿಲ್ಲ.

ನಮ್ಮದು ಮ್ಯಾಸಿ 1035. ಮೂರು ಸಿಲಿಂಡರಿನ ಸಿಂಪ್ಸನ್ ಇಂಜಿನ್. ಅಪ್ಪ ತಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಭತ್ತದ ಗದ್ದೆ ಕೆಸರು, ಕಬ್ಬಿನ ಲೋಡು, ಮದುವೆ ಮನೆ ಸಾಮಾನು, ಒಂದೆರಡು ಸಲ ಕಾವೇರಿ ಗಲಾಟೆಯಲ್ಲಿ ಹೆದ್ದಾರಿ ಮೇಲೆ ಅಡ್ಡ ನಿಂತಿದ್ದು, ಎಲ್ಲ ಕಂಡಿದೆ. ಇಂಜಿನ್ ಈಗಲೂ ಗಟ್ಟಿ. ಸೋತಿದ್ದು ಮೈ. ಬಾನೆಟ್ ಮೇಲೆ ಒದ್ದೆ ಬೆರಳು ಉಜ್ಜಿದರೆ ಬೆರಳೆಲ್ಲ ಕೆಂಪು ಪುಡಿ. ಬಿಸಿಲಿಗೆ ಬಣ್ಣದೊಳಗಿನ ಅಂಟು ಸತ್ತು, ಬಣ್ಣದ ಪುಡಿ ಸಡಿಲವಾಗಿ ಮೇಲೆ ನಿಲ್ಲುತ್ತದೆ. ಕೆಂಪು ಹೋಗಿ ಒಂಥರಾ ಗುಲಾಬಿ ಆಗುವುದು ಅದಕ್ಕೇ. ಆ ಹಂತದಲ್ಲಿದ್ದರೆ ಪಾಲಿಶಿಂಗ್ ಕಾಂಪೌಂಡ್ ಹಾಕಿ ಉಜ್ಜಿದರೆ ಸಾಕು, ಕೆಳಗಿನ ಒಳ್ಳೇ ಕೆಂಪು ವಾಪಸ್ ಬರುತ್ತದೆ. ನಿಮ್ಮ ಗಾಡಿಯ ತಗಡು ಇನ್ನೂ ಕಾಣದಿದ್ದರೆ ಮೊದಲು ಅದನ್ನೇ ಮಾಡಿ ನೋಡಿ, ಬಣ್ಣದ ತಂಟೆಗೇ ಹೋಗಬೇಡಿ. ನಮ್ಮದು ಆ ಹಂತ ದಾಟಿತ್ತು. ಮಡ್‌ಗಾರ್ಡಿನ ಕೆಳಗಂಚು ತುಕ್ಕು ತಿಂದು ಬೆರಳಲ್ಲಿ ಒತ್ತಿದರೆ ಕುರುಕುರು ಅನ್ನುತ್ತಿತ್ತು.

ಮ್ಯಾಸಿಯ ಬಣ್ಣಕ್ಕೆ ಒಂದು ಕಥೆ ಇದೆ. ಮೇಲೆ ಕೆಂಪು, ಇಂಜಿನ್ ಮತ್ತು ಗೇರ್‌ಬಾಕ್ಸ್ ಬೂದು. ಕೆನಡಾದ ಮ್ಯಾಸಿ ಹ್ಯಾರಿಸ್ ಕಂಪನಿಯ ಟ್ರ್ಯಾಕ್ಟರುಗಳು ಕೆಂಪು. ಇವತ್ತು ನಾವು ನೇಗಿಲು, ರೋಟವೇಟರ್ ಎಲ್ಲ ಸಿಕ್ಕಿಸುವ ತ್ರೀ ಪಾಯಿಂಟ್ ಲಿಂಕೇಜನ್ನು ಬಳಕೆಗೆ ತಂದ ಹ್ಯಾರಿ ಫರ್ಗ್ಯುಸನ್‌ನ ಟ್ರ್ಯಾಕ್ಟರುಗಳು ಅಡಿಯಿಂದ ಮುಡಿಯವರೆಗೆ ಬೂದು. 1953ರಲ್ಲಿ ಎರಡೂ ಕಂಪನಿ ಒಂದಾದವು. 1958ರಲ್ಲಿ ಹೆಸರು ಮ್ಯಾಸಿ ಫರ್ಗ್ಯುಸನ್ ಅಂತಾಯಿತು. ಹೆಸರಿನ ಹಾಗೇ ಬಣ್ಣವೂ ಅರ್ಧ ಅವರದ್ದು, ಅರ್ಧ ಇವರದ್ದು. ಮದರಾಸಿನಲ್ಲಿ 1960ರಲ್ಲಿ ಶುರುವಾದ ಟಾಫೆ ಕಂಪನಿ ಅದನ್ನು ನಮ್ಮ ಹೊಲಗಳಿಗೆ ತಂದಿತು. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಈಗಿನ ಹುಡುಗರು ಇಡೀ ಇಂಜಿನ್ನಿಗೆ ಕಪ್ಪು ಹೊಡೆಸುತ್ತಾರೆ. ನೋಡೋಕೆ ಚೆನ್ನಾಗಿರುತ್ತದೆ. ಆದರೆ ಕಪ್ಪಿನ ಮೇಲೆ ಎಣ್ಣೆ ಸೋರಿದರೆ ಕಾಣುವುದೇ ಇಲ್ಲ. ತಿಳಿ ಬೂದಿನ ಮೇಲೆ ಡೀಸೆಲ್ ಒಂದು ಹನಿ ಜಿನುಗಿದರೂ ಅದರ ಸುತ್ತ ಧೂಳು ಕೂತು ಮಾರನೇ ದಿನವೇ ಗುರುತಾಗುತ್ತದೆ. ನನಗೆ ಬೂದೇ ಬೇಕಿತ್ತು.

ಹೊರಗೆ ಕೊಟ್ಟರೆ ಎಷ್ಟು ಅಂತ ಕೇಳಿದೆ. ಕೇಳಿದ ಕಡೆಯೆಲ್ಲ 20 ಸಾವಿರದ ಮೇಲೆಯೇ. ತಗಡಿನ ಕೆಲಸ ಬೇರೆ. ಒಬ್ಬರು ಮಾತ್ರ ಅರ್ಧ ದುಡ್ಡಿಗೆ, ಅದೂ ಸಂಜೆಯೊಳಗೆ ಕೊಡ್ತೀನಿ ಅಂದರು. ಬೆಳಿಗ್ಗೆ ಬಿಟ್ಟು ಸಂಜೆ ಸಿಗುವ ಬಣ್ಣದಲ್ಲಿ ತೊಳೆಯುವುದಕ್ಕೆ ಎಷ್ಟು ಹೊತ್ತು, ಒಣಗುವುದಕ್ಕೆ ಎಷ್ಟು ಹೊತ್ತು ಅಂತ ನೀವೇ ಲೆಕ್ಕ ಹಾಕಿ.

ಮನೆಯಲ್ಲಿ ಮಾಡುವುದಾದರೆ ಕಾಲ ನೋಡಿಕೊಳ್ಳಬೇಕು. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯುವಾಗ ಯಾರ ಟ್ರ್ಯಾಕ್ಟರಿಗೂ ಬಿಡುವಿರುವುದಿಲ್ಲ. ಭತ್ತದ ಕೊಯ್ಲು ಮುಗಿದು, ಮುಂಗಾರಿಗೆ ಮುಂಚಿನ ಗುಡುಗು ಮಳೆ ಶುರುವಾಗದ ಸಂದು ಒಂದಿದೆಯಲ್ಲ, ಅದೇ ಸರಿ. ಒಣ ಗಾಳಿ, ಒಳ್ಳೇ ಬಿಸಿಲು. ಒಂದೇ ತಾಪತ್ರಯ ಅಂದರೆ ಆ ಹೊತ್ತಿಗೆ ಆಲೆಮನೆಗಳೂ ಉರಿಯುತ್ತಿರುತ್ತವೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಣ್ಣದ ಕೆಲಸದಲ್ಲಿ ಬಣ್ಣ ಹೊಡೆಯುವುದು ಕೊನೇ ಚೂರು ಅಷ್ಟೇ. ಉಳಿದದ್ದೆಲ್ಲ ತೊಳೆಯುವುದು, ಕೆರೆಯುವುದು, ಉಜ್ಜುವುದು. ಗೇರ್‌ಬಾಕ್ಸಿನ ಅಡಿ, ಕ್ಲಚ್ ಪೆಡಲ್ ಸುತ್ತ, ಮುಂದಿನ ಆಕ್ಸಲ್ ಕೀಲುಗಳ ಹತ್ತಿರ ಎಣ್ಣೆ, ಮಣ್ಣು, ಹೊಟ್ಟು ಸೇರಿ ಒಂದು ಇಂಚು ದಪ್ಪ ಗಟ್ಟಿ ಕೂತಿತ್ತು. ನೀರಿಗೆ ಅದು ಜಗ್ಗುವುದಿಲ್ಲ. ಮೊದಲು ಹಳೇ ಉಳಿ, ಪುಟ್ಟಿ ಕತ್ತಿ ಹಿಡಿದು ಒಣಗಿದ್ದಾಗಲೇ ಕೆರೆಯಬೇಕು. ಆಮೇಲೆ ಸೀಮೆಎಣ್ಣೆ ಇಲ್ಲಾ ಡೀಸೆಲ್ ಬ್ರಷ್‌ನಲ್ಲಿ ಹಚ್ಚಿ ನೆನೆಯಲು ಬಿಡಬೇಕು. ಡೀಸೆಲಿನಲ್ಲಿ ತೊಳೆದು ಅಲ್ಲಿಗೇ ಕೈ ಬಿಡುವವರು ಜಾಸ್ತಿ. ಡೀಸೆಲ್ ತಾನೇ ಒಂದು ಎಣ್ಣೆ. ಆರಿದ ಮೇಲೂ ತೆಳುವಾಗಿ ಮೈಗೆ ಅಂಟಿಕೊಂಡಿರುತ್ತದೆ, ಅದರ ಮೇಲೆ ಯಾವ ಬಣ್ಣವೂ ಕೂರುವುದಿಲ್ಲ. ಬಟ್ಟೆ ಸೋಪಿನ ಪುಡಿ, ಬಿಸಿನೀರು ಹಾಕಿ ಮತ್ತೆ ಉಜ್ಜಬೇಕು. ಕೊನೆಗೆ ಬಿಳೀ ಬಟ್ಟೆಗೆ ಥಿನ್ನರ್ ಮುಟ್ಟಿಸಿ ಒರೆಸಿದಾಗ ಬಟ್ಟೆ ಬಿಳಿಯಾಗೇ ಉಳಿದರೆ ಆಯಿತು ಅಂತ. ಪ್ರೆಷರ್ ವಾಷರ್ ಸಿಕ್ಕರೆ ಕೆಲಸ ಹಗುರ. ಆದರೆ ಡೈನಮೋ, ಸ್ವಿಚ್ಚು, ಆಯಿಲ್ ಸೀಲಿನ ತುಟಿಗಳ ಹತ್ತಿರ ಆ ನೀರಿನ ಬಾಯಿ ತರಬಾರದು.

ಈ ತೊಳೆಯುವ ಹೊತ್ತಿನಲ್ಲೇ ಗಾಡಿ ಮಾತಾಡಿದ್ದು. ಎಡಗಡೆ ಹಿಂದಿನ ಆಕ್ಸಲಿನ ಆಯಿಲ್ ಸೀಲ್ ಸಣ್ಣಗೆ ಜಿನುಗುತ್ತಿತ್ತು. ಎಷ್ಟು ವರ್ಷದಿಂದಲೋ, ಮಣ್ಣು ಹೀರಿಕೊಂಡು ಮುಚ್ಚಿಟ್ಟಿತ್ತು. ಇಂಜೆಕ್ಟರುಗಳ ಮೇಲಿನ ಓವರ್‌ಫ್ಲೋ ಪೈಪಿನ ಒಂದು ವಾಷರ್ ಹೋಗಿತ್ತು. ಮಡ್‌ಗಾರ್ಡ್ ಹಿಡಿದಿರುವ ಬ್ರಾಕೆಟ್ಟಿನಲ್ಲಿ ಕೂದಲೆಳೆ ಬಿರುಕು. ಮುಂದಿನ ಆಕ್ಸಲಿನಲ್ಲಿ ಒಂದು ಗ್ರೀಸ್ ನಿಪ್ಪಲ್ ಸಿಕ್ಕಿತು. ಅಲ್ಲಿ ನಿಪ್ಪಲ್ ಇದೆ ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಎರಡು ಬೋಲ್ಟ್ ಕೈಯಲ್ಲೇ ತಿರುಗಿದವು. ಇವೆಲ್ಲ ಸರಿಯಾಗುವ ತನಕ ಬಣ್ಣದ ಡಬ್ಬ ತೆಗೆಯಬಾರದು. ಸೋರುವ ಜಾಗಕ್ಕೆ ಬಣ್ಣ ಹೊಡೆದರೆ ತಿಂಗಳೊಳಗೆ ಅಲ್ಲಿಂದಲೇ ಏಳುತ್ತದೆ. ಮೆಕ್ಯಾನಿಕ್ ಬಂದು ಸೀಲ್ ಬದಲಿಸಿದರು. "ಇಷ್ಟು ಕ್ಲೀನಾಗಿರೋ ಮ್ಯಾಸಿ ಬಿಚ್ಚಿ ಎಷ್ಟು ಕಾಲ ಆಯ್ತು ಸ್ವಾಮಿ" ಅಂದರು. ದರ ಮಾತ್ರ ಕಡಿಮೆ ಮಾಡಲಿಲ್ಲ.

ಇನ್ನು ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಜಾಸ್ತಿ ಜಾಗ ಬೇಡುತ್ತದೆ. ಆದ್ದರಿಂದ ಸಡಿಲ ತುಕ್ಕಿನ ಮೇಲೆ ಎಷ್ಟೇ ಒಳ್ಳೇ ಬಣ್ಣ ಹೊಡೆದರೂ ಒಳಗಿನಿಂದ ಉಬ್ಬಿ ಸಿಡಿಯುತ್ತದೆ. ತುಕ್ಕು ಎಲ್ಲಿ ಹಿಡಿಯುತ್ತದೆ ಅನ್ನುವುದೂ ನಮ್ಮ ಬೇಸಾಯದ ಲೆಕ್ಕವೇ. ಹಿಂದಿನ ರಿಮ್ಮುಗಳ ಒಳಗೆ ಗದ್ದೆಯ ಕೆಸರು ನಿಂತು ಹಿಡಿಯುತ್ತದೆ. ಮಡ್‌ಗಾರ್ಡ್ ಮೇಲೆ ಯೂರಿಯಾ, ಡಿಎಪಿ ಮೂಟೆ ಇಟ್ಟು ಇಟ್ಟು, ಚೆಲ್ಲಿದ ಗೊಬ್ಬರ ತೇವಕ್ಕೆ ಕರಗಿ ಉಪ್ಪಿನ ಕೆಲಸ ಮಾಡುತ್ತದೆ. ಬ್ಯಾಟರಿ ಕೂರುವ ತಟ್ಟೆಯಂತೂ ಆಸಿಡ್ಡಿಗೆ ತೂತು ಬಿದ್ದಿತ್ತು. ಅಲ್ಲಿಗೆ ಅಡುಗೆ ಸೋಡಾ ನೀರಲ್ಲಿ ಕಲಸಿ ಸುರಿದರೆ ಬುರುಬುರು ಅಂತ ನೊರೆ ಬರುತ್ತದೆ. ನೊರೆ ನಿಲ್ಲುವ ತನಕ ಸುರಿದು, ತೊಳೆದು, ಆಮೇಲೆ ಉಜ್ಜಬೇಕು. ಆಸಿಡ್ ಉಳಿದರೆ ಬಣ್ಣ ಸುಮ್ನೆ ದಂಡ.

ಉಜ್ಜೋಕೆ ಗ್ರೈಂಡರಿಗೆ ಹಾಕುವ ವೈರ್ ಕಪ್ ಬ್ರಷ್, ಕೈಯಲ್ಲಿ ಹಿಡಿಯುವ ವೈರ್ ಬ್ರಷ್, ಒರಟಾದ 80ರಿಂದ ನಯವಾದ 400ರವರೆಗೆ ಎಮರಿ ಹಾಳೆ. ಹಳೇ ಬಣ್ಣ ಗಟ್ಟಿಯಾಗಿ ಹಿಡಿದಿರುವ ಕಡೆ ಅದನ್ನು ತಗಡಿನ ತನಕ ತೆಗೆಯುವುದು ಬೇಕಿಲ್ಲ. ಕಂಪನಿಯ ಬಣ್ಣಕ್ಕಿಂತ ಒಳ್ಳೇ ಪ್ರೈಮರ್ ನಮಗೆ ಸಿಗುವುದಿಲ್ಲ. ಬಣ್ಣ ಕಿತ್ತುಹೋದ ಜಾಗದ ಅಂಚನ್ನು ಮಾತ್ರ ಇಳಿಜಾರಾಗಿ ಸವೆಸಬೇಕು. ಬೆರಳು ಸವರಿದರೆ ಮೆಟ್ಟಿಲು ಸಿಗಬಾರದು. ಹಾಗೆ ಸವೆಸಿದಾಗ ತಗಡಿನ ಸುತ್ತ ಒಂದೊಂದೇ ಬಳೆ ಬಿಟ್ಟುಕೊಳ್ಳುತ್ತದೆ. ನಡುವೆ ಬಿಳೀ ತಗಡು, ಸುತ್ತ ಪ್ರೈಮರ್, ಅದರ ಸುತ್ತ ಕಡು ಕೆಂಪು, ಆಮೇಲೆ ಇನ್ನೊಂದು ಥರದ ಕಿತ್ತಳೆ ಕೆಂಪು. ಆ ಕಿತ್ತಳೆ ಯಾವಾಗ ಬಿತ್ತು ಅಂತ ಅಮ್ಮನನ್ನು ಕೇಳಿದೆ. ಒಂದು ವರ್ಷ ಆಯುಧ ಪೂಜೆಗೆ ಅಂತ ಅಪ್ಪ ಮನೆ ಗೇಟಿಗೆ ತಂದ ಬಣ್ಣದಲ್ಲಿ ಮಿಕ್ಕಿದ್ದನ್ನು ಮಡ್‌ಗಾರ್ಡಿಗೂ ಬಳಿದಿದ್ದರಂತೆ. ಬಜೆಟ್ ಪೇಂಟಿಂಗ್ ನಮ್ಮ ಮನೆಯಲ್ಲಿ ಹೊಸದೇನಲ್ಲ.

ಒಂದು ವಿಷಯ ಮಾತ್ರ ತಮಾಷೆಯಲ್ಲ. ಹಳೇ ಕಾಲದ ಕೆಂಪು, ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ನಮ್ಮಲ್ಲಿ ಮನೆ ಬಣ್ಣಗಳ ಸೀಸಕ್ಕೆ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಮಿತಿ ಹಾಕಿದ ನಿಯಮ ಬಂದಿದ್ದೇ 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಾಗಲೇ ಗ್ರೈಂಡರ್ ಹಾಕಿ ಧೂಳೆಬ್ಬಿಸಿದರೆ ಅದು ನೇರ ಶ್ವಾಸಕೋಶಕ್ಕೆ. ಬಣ್ಣ ಇರುವ ಕಡೆ ಎಮರಿಯನ್ನು ನೀರಲ್ಲಿ ಅದ್ದಿಯೇ ಉಜ್ಜಿ. ಆ ಕೆಸರನ್ನು ಕೊಟ್ಟಿಗೆ ಕಡೆ, ಕಲಗಚ್ಚಿನ ಕಡೆ ಹರಿಯಲು ಬಿಡಬೇಡಿ. ದನಗಳಿಗೆ ಇಂಥದ್ದನ್ನು ನೆಕ್ಕುವ ಚಾಳಿ ಇರುತ್ತದೆ, ಸೀಸದ ವಿಷ ದನಗಳಿಗೆ ತಗಲುವುದು ಬಹಳ ಸಲ ಹಳೇ ಬಣ್ಣ, ಹಳೇ ಬ್ಯಾಟರಿಯಿಂದಲೇ. ನಾನು ಕೆಳಗೆ ಟಾರ್ಪಾಲ್ ಹಾಸಿ, ಬಿದ್ದದ್ದನ್ನೆಲ್ಲ ಬಳಿದು ಡಬ್ಬಕ್ಕೆ ತುಂಬಿದೆ. ಮಕ್ಕಳನ್ನು ಹತ್ತಿರ ಸೇರಿಸಲಿಲ್ಲ.

ಪುಟ್ಟಿ ವಿಷಯದಲ್ಲಿ ಅಂಗಡಿಯವರಿಗೂ ನನಗೂ ಸಣ್ಣ ವಾದ ನಡೆಯಿತು. ಬಲಗಡೆ ಮಡ್‌ಗಾರ್ಡಿನಲ್ಲಿ ಒಂದು ತಗ್ಗಿದೆ, ಟ್ರೇಲರ್ ಮೂಕಿ ತಿರುಗಿ ಬಡಿದದ್ದು. "ಅರ್ಧ ಕೆಜಿ ಪುಟ್ಟಿ ಮೆತ್ತಿ ಬುಡಿ, ಗೊತ್ತೇ ಆಗಲ್ಲ" ಅಂದರು. ಕಾರಿಗಾದರೆ ಸರಿ. ಟ್ರ್ಯಾಕ್ಟರ್ ಮಡ್‌ಗಾರ್ಡ್ ಅಂದರೆ ನಾಲ್ಕು ಜನ ಕೂರುವ ಜಾಗ, ಕೂರಬಾರದು ಅಂತ ಕಾನೂನು ಎಷ್ಟೇ ಹೇಳಲಿ. ಸದಾ ಅದುರುವ ತಗಡು. ದಪ್ಪಗೆ ಮೆತ್ತಿದ ಪುಟ್ಟಿ ಅದುರಿ ಅದುರಿ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ನೀರು ಕೂರುತ್ತದೆ, ಒಳಗೊಳಗೇ ತುಕ್ಕು. ಮೇಲೆ ನೋಡಿದರೆ ಸಪಾಟು. ಹಿಂದಿನಿಂದ ಮರದ ಸುತ್ತಿಗೆಯಲ್ಲಿ ತಟ್ಟಿ ಬಂದಷ್ಟು ಎತ್ತಿಸಿದೆ, ಉಳಿದ ತಗ್ಗು ಹಾಗೇ ಇದೆ. ಇರಲಿ. ತಿಂದುಹೋಗಿದ್ದ ಕೆಳಗಂಚಿಗೆ ಮಾತ್ರ ತಗಡಿನ ಪಟ್ಟಿ ವೆಲ್ಡ್ ಮಾಡಿಸಿದೆ.

ತಗಡು ಬಿಳಿಯಾದ ದಿನವೇ ಪ್ರೈಮರ್ ಬೀಳಬೇಕು. ರಾತ್ರಿ ಇಬ್ಬನಿ ಬಿದ್ದರೆ ಬೆಳಿಗ್ಗೆ ಮತ್ತೆ ಕಂದು ಬಣ್ಣ ಶುರು. ರೆಡ್ ಆಕ್ಸೈಡ್ ಪ್ರೈಮರ್ ಅಗ್ಗ, ಎಲ್ಲ ಕಡೆ ಸಿಗುತ್ತದೆ, ನಮ್ಮ ಕೆಲಸಕ್ಕೆ ಸಾಕು. ಆದರೆ ಅದೊಂದೇ ನೀರು ತಡೆಯುವುದಿಲ್ಲ. ನಮ್ಮ ಕಡೆ ಎಷ್ಟೋ ಟ್ರೇಲರುಗಳು ರೆಡ್ ಆಕ್ಸೈಡ್ ಮೈಯಲ್ಲೇ ವರ್ಷಗಟ್ಟಲೆ ಓಡಾಡುತ್ತವೆ, ಅದರೊಳಗಿಂದಲೇ ತುಕ್ಕು ಬರುತ್ತಿರುತ್ತದೆ. ಎರಡೂ ಒಂದೇ ಬಣ್ಣ ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಕೆಂಪು ಆರಿಸುವುದು ನಾನಂದುಕೊಂಡದ್ದಕ್ಕಿಂತ ಕಷ್ಟದ ಕೆಲಸ. ಡಬ್ಬದ ಎನಾಮಲ್‌ನಲ್ಲಿ ಸಿಗ್ನಲ್ ರೆಡ್, ಪೋಸ್ಟ್ ಆಫೀಸ್ ರೆಡ್ ಅಂತೆಲ್ಲ ಇವೆ. ಯಾವುದೂ ಮ್ಯಾಸಿಯ ಕೆಂಪಲ್ಲ, ಎಲ್ಲವೂ ಹತ್ತಿರ ಹತ್ತಿರ. ಬಿಸಿಲು ಕಂಡ ಬಾನೆಟ್ ತೋರಿಸಿ ಮ್ಯಾಚ್ ಮಾಡಿ ಅಂದರೆ ಅವರು ಗುಲಾಬಿಗೇ ಮ್ಯಾಚ್ ಮಾಡಿಕೊಡುತ್ತಾರೆ. ಟೂಲ್ ಬಾಕ್ಸಿನ ಮುಚ್ಚಳ ಬಿಚ್ಚಿದೆ. ಅದರ ಒಳಮೈಯಲ್ಲಿ ಬಿಸಿಲೇ ಕಾಣದ ಕಂಪನಿ ಕೆಂಪು ಹಾಗೇ ಕೂತಿತ್ತು. ಅದನ್ನೇ ಚೀಲದಲ್ಲಿ ಹಾಕಿಕೊಂಡು ಮಂಡ್ಯದ ಪೇಟೆಬೀದಿ ಸುತ್ತಿದೆ. ಅಲ್ಲಿ ಸಮ ಸಿಗದೆ ಬೈಕಿನಲ್ಲಿ ಮೈಸೂರಿಗೆ ಹೋದೆ. ಹೋಗಿದ್ದು ಸರ್ವಿಸ್ ರಸ್ತೆಯಲ್ಲಿ. ಎಕ್ಸ್‌ಪ್ರೆಸ್‌ವೇ ನಮ್ಮೂರ ಪಕ್ಕದಲ್ಲೇ ಹರಿದರೂ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಯಾವುದನ್ನೂ ಅದರ ಮುಖ್ಯ ದಾರಿಗೆ ಬಿಡುವುದಿಲ್ಲ.

ಮೈಸೂರಿನಲ್ಲಿ ಬನ್ನಿಮಂಟಪದ ಕಡೆ ಹಾದಾಗ ಮೈಸೂರು ಪೇಂಟ್ಸ್ ಕಾರ್ಖಾನೆ ನೆನಪಾಯಿತು. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಕಾಡಿನ ಅರಗು ನಂಬಿಕೊಂಡು ಶುರುವಾದ ಕಾರ್ಖಾನೆ. ಹೆಸರೇ ಆಗ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಎನಾಮಲ್ಲು, ಪ್ರೈಮರ್ ಎಲ್ಲ ಮಾಡಿದರೂ ದೇಶಕ್ಕೆಲ್ಲ ಗೊತ್ತಿರುವುದು 1962ರ ಚುನಾವಣೆಯಿಂದ ಬೆರಳಿಗೆ ಹಚ್ಚುತ್ತಿರುವ ಶಾಯಿಯಿಂದ. ಆ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಬೆಳಕು ಬಿದ್ದಷ್ಟೂ ಕಪ್ಪಾಗಿ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ನಮ್ಮ ಬಾನೆಟ್ಟಿನ ಕೆಂಪು ತಿಂದಿದ್ದೂ ಅದೇ ಬಿಸಿಲು ಅಲ್ವಾ! ಕೊನೆಗೆ ಆಟೋ ಪೇಂಟ್ ಅಂಗಡಿಯೊಂದರಲ್ಲಿ ಮುಚ್ಚಳ ಇಟ್ಟುಕೊಂಡು, ಸಿಗ್ನಲ್ ರೆಡ್ಡಿಗೆ ಸ್ವಲ್ಪ ಕಡು ಕೆಂಪು ಬೆರೆಸಿ, ಕಡ್ಡಿಯಲ್ಲಿ ಮುಚ್ಚಳದ ಮೇಲೇ ಹಚ್ಚಿ ಒಣಗಿಸಿ ತೋರಿಸಿದರು. ಹಸಿ ಬಣ್ಣ ನೋಡಿ ಒಪ್ಪಬಾರದು. ಒಣಗಿದ ಮೇಲೆ ಒಂದು ಛಾಯೆ ಬದಲಾಗುತ್ತದೆ.

ಅಲ್ಲೇ ಅವರು ಪಿಯು (ಪಾಲಿಯುರೆಥೇನ್) ಬಣ್ಣ ತಗೊಳ್ಳಿ, ಕಾರಿನ ಹಾಗೆ ಹೊಳೆಯುತ್ತದೆ ಅಂದರು. ಹೊಳೆಯುವುದು ನಿಜ, ಬಾಳಿಕೆಯೂ ಜಾಸ್ತಿ. ಆದರೆ ಅದು ಗಟ್ಟಿಯಾಗಲು ಬೆರೆಸುವ ಹಾರ್ಡ್ನರ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಗನ್ನಿನಲ್ಲಿ ಸಿಂಪಡಿಸುವಾಗ ಅದನ್ನು ಉಸಿರಾಡಿದರೆ ಅಸ್ತಮಾ ಅಂಟಿಕೊಳ್ಳಬಹುದು. ಹೊರಗಿನಿಂದ ಗಾಳಿ ಕೊಡುವ ಮುಖವಾಡ ಹಾಕಿ ಹೊಡೆಯುವ ಬಣ್ಣ ಅದು. ಮನೆ ಜಗಲಿ ಮುಂದೆ, ಮೂಗಿಗೆ ಟವೆಲ್ ಕಟ್ಟಿಕೊಂಡು ಹೊಡೆಯುವುದಲ್ಲ. ಸಾದಾ ಸಿಂಥೆಟಿಕ್ ಎನಾಮಲ್ಲಿಗೂ ಟವೆಲ್ ಸಾಲದು. ಟವೆಲ್ ಹನಿ ತಡೆಯಬಹುದು, ಥಿನ್ನರಿನ ಆವಿ ತಡೆಯುವುದಿಲ್ಲ. ಇದ್ದಿಲಿನ ಕಾರ್ಟ್ರಿಡ್ಜ್ ಇರುವ ಮಾಸ್ಕ್ ತೆಗೆದುಕೊಳ್ಳಿ. ಬೇರೆ ಎಲ್ಲಿ ಬೇಕಾದರೂ ದುಡ್ಡು ಉಳಿಸಿ, ಅಲ್ಲಿ ಬೇಡ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಬೇಗ ಒಣಗುತ್ತದೆ ಅಂತ ಆಸೆಪಟ್ಟು ಹಳೇ ಎನಾಮಲ್ ಮೇಲೆ ಹೊಡೆಯೋಕೂ ಹೋಗಬೇಡಿ. ಅದರ ಥಿನ್ನರ್ ಖಾರ, ಕೆಳಗಿನ ಎನಾಮಲ್ಲನ್ನು ಸುಕ್ಕುಗಟ್ಟಿಸಿ ಎಬ್ಬಿಸುತ್ತದೆ.

ಚಾಸಿಗೆ, ಇಂಜಿನ್ನಿಗೆ, ರಿಮ್ಮಿಗೆ ನಾನು ಬ್ರಷ್ಷೇ ಹಿಡಿದೆ. ಎನಾಮಲ್ ನಿಧಾನಕ್ಕೆ ಒಣಗುವುದರಿಂದ ಬ್ರಷ್ಷಿನ ಗೆರೆ ತಾನೇ ಮಟ್ಟವಾಗುತ್ತದೆ, ಬಣ್ಣ ಗಾಳಿಗೂ ಹೋಗುವುದಿಲ್ಲ. ಬಾನೆಟ್ಟು, ಮಡ್‌ಗಾರ್ಡಿಗೆ ಮಾತ್ರ ಪಂಕ್ಚರ್ ಅಂಗಡಿಯ ಸಣ್ಣ ಕಂಪ್ರೆಸರ್ ಬಾಡಿಗೆಗೆ ತಂದು ಗನ್ನಿನಲ್ಲಿ ಹೊಡೆದೆ. ಕಂಪ್ರೆಸರಿನ ಟ್ಯಾಂಕಿನಲ್ಲಿ ನೀರು ನಿಂತಿರುತ್ತದೆ. ಅಡಿಯ ನಲ್ಲಿ ತಿರುಗಿಸಿದರೆ ಎಣ್ಣೆ ಬೆರೆತ ಕಂದು ನೀರು ಪಿಚಕ್ಕನೆ ಹಾರಿತು. ಅದನ್ನು ಖಾಲಿ ಮಾಡದೆ ಹೊಡೆದರೆ ಆ ಹನಿಗಳು ಬಣ್ಣದ ಜೊತೆ ಬಂದು ತಗಡಿಗೆ ಕೂರುತ್ತವೆ. ಹನಿ ಬಿದ್ದ ಜಾಗದಿಂದ ಬಣ್ಣ ಸುತ್ತಲೂ ಸರಿದು, ನಡುವೆ ಸಣ್ಣ ಗುಂಡನೆ ತೂತು ಬಿಡುತ್ತದೆ. ಪೇಂಟರುಗಳು ಇದಕ್ಕೆ ಫಿಶ್ ಐ ಅನ್ನುತ್ತಾರೆ. ಟೈರಿಗೆ ಹಚ್ಚುವ ಪಾಲಿಶ್ ಹತ್ತಿರದಲ್ಲಿ ಬಳಸಿದ್ದರೂ ಇದೇ ಕಥೆ. ಬಣ್ಣದ ಹದಕ್ಕೆ ಸೂತ್ರವೇನೂ ಇಲ್ಲ. ಕಡ್ಡಿ ಅದ್ದಿ ಮೇಲೆತ್ತಿದರೆ ಮೊದಲು ಎಳೆಯಾಗಿ ಇಳಿದು, ಒಂದೆರಡು ಸೆಕೆಂಡಿನಲ್ಲಿ ಹನಿ ಹನಿಯಾಗಬೇಕು. ಎಳೆ ಕಡಿಯದೆ ಇಳಿಯುತ್ತಲೇ ಇದ್ದರೆ ಗಟ್ಟಿ, ಎಳೆಯೇ ಬರದಿದ್ದರೆ ತೀರಾ ತೆಳು. ಒಂದೇ ಸಲ ದಪ್ಪಗೆ ಹೊಡೆದರೆ ನಿಂತ ತಗಡಿನ ಮೇಲೆ ಇಳಿಯುತ್ತದೆ. ತೆಳುವಾಗಿ ಒಂದು ಸುತ್ತು, ರಾತ್ರಿ ಪೂರ್ತಿ ಒಣಗಲು ಬಿಟ್ಟು, 400ರ ಹಾಳೆ ನೀರಲ್ಲಿ ಹಗುರವಾಗಿ ಆಡಿಸಿ, ಒರೆಸಿ, ಮತ್ತೊಂದು ಸುತ್ತು.

ಈಗ ಆಲೆಮನೆ. ನಮ್ಮ ಬೀದಿಯಿಂದ ಎರಡು ಹೊಲ ಆಚೆಗೆ ಒಂದಿದೆ. ರಚ್ಚು, ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆ, ಉರಿಸುವುದರಿಂದ ಕೊಳವೆಯಿಂದ ಹಗುರವಾದ ಕರೀ ಬೂದಿ ಮೇಲೆದ್ದು ಗಾಳಿ ಬಂದ ಕಡೆ ಬೀಳುತ್ತದೆ. ಒಣಹಾಕಿದ ಬಟ್ಟೆ ಮೇಲೆ ಬಿದ್ದರೆ ಅಮ್ಮ ಬಯ್ಯುತ್ತಾರೆ, ಹಸಿ ಎನಾಮಲ್ ಮೇಲೆ ಬಿದ್ದರೆ ಬಯ್ದೂ ಪ್ರಯೋಜನವಿಲ್ಲ. ಹಾಗಾಗಿ ಗೂಟಕ್ಕೆ ಒಂದು ಹಳೇ ಸೀರೆ ಅಂಚು ಕಟ್ಟಿ ಗಾಳಿ ನೋಡಿಕೊಂಡೇ ಗನ್ ಹಿಡಿಯುತ್ತಿದ್ದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಗಾಳಿ ಏಳುವುದಕ್ಕೆ ಮುಂಚೆ ಒಂದೆರಡು ಗಂಟೆ ಸಿಗುತ್ತದೆ. ಅಷ್ಟೇ ಸಮಯ. ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ, ಕೋಳಿಗಳನ್ನು ಪಂಜರದಲ್ಲಿ ಹಾಕಿ ಶುರು ಮಾಡುವುದು. ಒಂದು ಬೆಳಿಗ್ಗೆ ಆಲೆಮನೆಯವರೇ ಬಂದು ನಿಂತು ನೋಡಿದರು. "ನಾಳೆ ಹನ್ನೊಂದಕ್ಕೆ ಒಲೆ ಹಚ್ತೀನಿ, ಅಷ್ಟರಲ್ಲಿ ಮುಗಿಸ್ಕೊ" ಅಂದರು. ಹೇಳಿದ ಮಾತು ನಡೆಸಿಕೊಟ್ಟರು, ಮಾರನೇ ದಿನ ಎರಡು ಅಚ್ಚು ಬೆಲ್ಲವನ್ನೂ ಕಳಿಸಿದರು.

ಬಣ್ಣ ಎಲ್ಲಿ ಹೊಡೆಯಬಾರದು ಅನ್ನುವುದನ್ನು ಯಾರೂ ಹೇಳಿಕೊಡುವುದಿಲ್ಲ, ಮಾರೋಕೆ ಅಂತ ಹೊಡೆಸಿದ ಬ್ರೋಕರ್ ಬಣ್ಣದ ಗುರುತು ಸಿಗುವುದೂ ಅಲ್ಲೇ. ಗ್ರೀಸ್ ನಿಪ್ಪಲ್‌ಗಳಿಗೆ ಗ್ರೀಸನ್ನೇ ಮೆತ್ತಿಟ್ಟರೆ ಆಮೇಲೆ ಒರೆಸಿದಾಗ ಬಣ್ಣವೂ ಬರುತ್ತದೆ. ರಬ್ಬರ್ ಪೈಪು, ದೀಪದ ಗಾಜಿಗೂ ಅದೇ ಉಪಾಯ. ಇಂಜಿನ್ನಿನ ಗಾಳಿ ಬಾಯಿ, ಬ್ರೀದರ್, ಡಿಪ್‌ಸ್ಟಿಕ್ ತೂತು ಮುಚ್ಚಿಡಬೇಕು. ಲಿಂಕೇಜಿನ ಗುಂಡುಗಳಿಗೆ ಬಣ್ಣ ಬೇಡ. ರೇಡಿಯೇಟರಿನ ಜಾಲರಿಗೆ ಎನಾಮಲ್ ಬಳಿದರೆ ಶಾಖ ಹೊರಹೋಗುವುದು ಕಡಿಮೆಯಾಗುತ್ತದೆ. ಸೈಲೆನ್ಸರಿಗೆ ಸಾದಾ ಬಣ್ಣ ಹೊಡೆದರೆ ಮೊದಲ ಉಳುಮೆಯಲ್ಲೇ ಸುಟ್ಟು ವಾಸನೆ ಬರುತ್ತದೆ, ಶಾಖ ತಡೆಯುವ ಅಲ್ಯೂಮಿನಿಯಂ ಬಣ್ಣ ಬೇರೆಯೇ ಇದೆ. ಚಾಸಿ ನಂಬರ್, ಇಂಜಿನ್ ನಂಬರಿನ ಮೇಲೆ ಟೇಪ್ ಅಂಟಿಸಲೇಬೇಕು. 15 ವರ್ಷ ದಾಟಿದ ಗಾಡಿಯ ನೋಂದಣಿ ಐದೈದು ವರ್ಷಕ್ಕೆ ನವೀಕರಿಸುವಾಗ ಆ ಅಕ್ಷರ ಓದಿಸಿಕೊಳ್ಳಬೇಕು. ಆರ್‌ಸಿಯಲ್ಲಿ ಬಣ್ಣವೂ ನಮೂದಾಗಿರುತ್ತದೆ. ಕೆಂಪಿಗೆ ಕೆಂಪೇ ಹೊಡೆದರೆ ತಕರಾರಿಲ್ಲ, ನೀಲಿ ಮಾಡಬೇಕು ಅನ್ನಿಸಿದರೆ ಮೊದಲು ಆರ್‌ಟಿಓ ಕಡೆ ಹೋಗಿ ಬನ್ನಿ.

ಖರ್ಚು ಕೇಳುವವರಿಗೆ. ಕೆಂಪು 2 ಲೀಟರ್, ಬೂದು 2, ರಿಮ್ಮಿಗೆ ಸಿಲ್ವರ್ 1, ಪ್ರೈಮರ್ 2, ಥಿನ್ನರ್, ಎಮರಿ, ಬ್ರಷ್, ಮಾಸ್ಕ್, ಕಂಪ್ರೆಸರ್ ಬಾಡಿಗೆ ಎಲ್ಲ ಸೇರಿ 6,000ದೊಳಗೆ ಮುಗಿಯಿತು. ಸೀಲು, ವೆಲ್ಡಿಂಗು, ಮೆಕ್ಯಾನಿಕ್ ಕೂಲಿ ಬೇರೆ. ಅವು ಬಣ್ಣದ ಖರ್ಚಲ್ಲ, ಎಂದೋ ಮಾಡಬೇಕಿದ್ದ ಖರ್ಚು. ನನ್ನ ಕೂಲಿ ಲೆಕ್ಕ ಹಾಕಿದರೆ ಹೊರಗೆ ಕೊಟ್ಟಿದ್ದೇ ಅಗ್ಗ ಅಂತ ಭಾವಮೈದುನ ಹೇಳುತ್ತಾನೆ. ಅವನು ಬೆಂಗಳೂರಿನಲ್ಲಿದ್ದಾನೆ.

ಸಂಕ್ರಾಂತಿಗೆ ಎತ್ತಿನ ಕೊಂಬು ಹೆರೆದು ಬಣ್ಣ ಹೊಡೆದು ಕಿಚ್ಚು ಹಾಯಿಸುತ್ತಿದ್ದಾಗ ಮಾರ್ತೀಯಾ ಅಂತ ಯಾರೂ ಕೇಳುತ್ತಿರಲಿಲ್ಲವಲ್ಲ, ಟ್ರ್ಯಾಕ್ಟರಿಗೆ ಮಾತ್ರ ಯಾಕೆ ಅಂತ ಒಂದು ಸಂಜೆ ರಿಮ್ಮಿಗೆ ಸಿಲ್ವರ್ ಬಳಿಯುತ್ತಾ ಯೋಚಿಸಿದೆ. ಅಮ್ಮನ ಹತ್ತಿರ ಹೇಳಿದರೆ ನಕ್ಕುಬಿಟ್ಟರು. ಹೇಮಗಿರಿ ಜಾತ್ರೆಗೆ ಹಳ್ಳಿಕಾರ್ ಜೋಡಿ ಹೊಡೆದುಕೊಂಡು ಹೋಗುವಾಗ ನಿಮ್ಮ ತಾತ ಕೊಂಬಿಗೆ ಎಣ್ಣೆ ಹಚ್ಚಿ ಮಿರಮಿರ ಮಾಡುತ್ತಿರಲಿಲ್ಲವಾ ಅಂದರು. ಕೊಳ್ಳುವವರು ಆ ಕೊಂಬು ನೋಡುತ್ತಲೇ ಇರಲಿಲ್ಲವಂತೆ. ನೇರ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರಂತೆ. ಅಲ್ಲಿಗೆ ನನ್ನ ವಾದ ಮುಗಿಯಿತು.

ಎನಾಮಲ್ ಕೈಗೆ ಒಣಗಿದ ಹಾಗೆ ಕಂಡರೂ ಒಳಗೆ ಗಟ್ಟಿಯಾಗೋಕೆ ವಾರಗಳೇ ಬೇಕು. ಅಲ್ಲಿಯವರೆಗೆ ಪ್ರೆಷರ್ ವಾಷರ್ ಇಲ್ಲ, ಸೋಪಿಲ್ಲ, ಮಡ್‌ಗಾರ್ಡ್ ಮೇಲೆ ಗೊಬ್ಬರದ ಮೂಟೆ ಇಲ್ಲ. ಮಿಕ್ಕ ಕೆಂಪನ್ನು ಮುಚ್ಚಳ ಬಿಗಿದು ಡಬ್ಬ ಬೋರಲು ಹಾಕಿ ಇಟ್ಟಿದ್ದೇನೆ, ಗಾಳಿಗೆ ಕೆನೆ ಕಟ್ಟಿದರೂ ಅಡಿಗೆ ಕಟ್ಟಲಿ ಅಂತ. ಟ್ರೇಲರಿನ ಹಲಗೆಗೆ ಬೋರ್ಡ್ ಬರೆಯುವವರು ಬರುವವರಿದ್ದಾರೆ. ಹಿಂದುಗಡೆ ಏನು ಬರೆಸಬೇಕು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಅಮ್ಮನಿಗೆ ಭೈರವೇಶ್ವರ ಪ್ರಸನ್ನ ಅಂತ ಬೇಕು. ಮಗನಿಗೆ ಬಾನೆಟ್ಟಿನ ಎರಡೂ ಕಡೆ ಹುಲಿ ಸ್ಟಿಕ್ಕರ್ ಬೇಕು. ಸ್ಟಿಕ್ಕರ್ ಅಂಟಿಸಿದರೆ ಅದರ ಅಂಚಿನಲ್ಲಿ ನೀರು ಕೂರುತ್ತದೆ ಅಂತ ಹೇಳಿ ನೋಡಿದೆ. ಟ್ರೇಲರಿಗಾದರೂ ಹಾಕಿಸು ಅಂತ ಈಗ ರಾಜಿಗೆ ಬಂದಿದ್ದಾನೆ.